ಅಂಗವಿಕಲ ಪಿಂಚಣಿಗೆ ಅರ್ಜಿ ಹಾಕೋರೇ, ಅರ್ಜಿಲಿ ಯಾರ ಫೋನ್ ನಂಬರ್ ಇದೆ ನೋಡ್ಕೊಳ್ಳಿ

ತಾಲೂಕಾಫೀಸ್ ಎದುರು ಜೆರಾಕ್ಸ್ ಅಂಗಡಿಗಳ ಹತ್ರ ಓಡಾಡ್ಕೊಂಡಿರ್ತಾರಲ್ಲ, "ಬನ್ನಿ ಅಕ್ಕ, ಏನ್ ಕೆಲ್ಸ ಆಗ್ಬೇಕಿತ್ತು" ಅಂತ ಕೇಳ್ಕೊಂಡು, ಅಂಥವ್ನೊಬ್ಬನ ಕೈಗೆ ನಮ್ಮಣ್ಣನ ಕಾಗದ ಪತ್ರ ಎಲ್ಲಾ ಕೊಟ್ಟು ಹತ್ತು ತಿಂಗ್ಳು ಹಾಳಾಯ್ತು, ಆರು ಸಾವಿರ ದುಡ್ಡೂ ಹೋಯ್ತು. ನಿಮ್ಮನೇಲೂ ಯಾರಾದ್ರೂ ಈಗ ಅರ್ಜಿ ಹಾಕೋಕೆ ರೆಡಿ ಆಗ್ತಿದ್ರೆ ದಯವಿಟ್ಟು ಪೂರ್ತಿ ಓದಿ.

ಅಣ್ಣನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳಲ್ಲಿ ಸಣ್ಣ ಗಾಯ ಆಗಿದ್ದು ಮಾಯಲೇ ಇಲ್ಲ, ಕೊನೆಗೆ ಬಲಗಾಲು ಮೊಣಕಾಲಿಂದ ಕೆಳಗೆ ತೆಗೆದ್ರು. ಲಾರಿ ಲೋಡಿಂಗ್ ಮಾಡ್ತಿದ್ದ ಮನುಷ್ಯ, ಒಂದೇ ಸಲಕ್ಕೆ ದುಡಿಮೆ ನಿಂತೋಯ್ತು. ಅತ್ತಿಗೆ ಕೂಲಿಗೆ ಹೋದ ದಿನ ಮಾತ್ರ ಮನೇಲಿ ದುಡ್ಡು. ಪಿಂಚಣಿ ಬಂದ್ರೆ ಮಾತ್ರೆ ಖರ್ಚಿಗಾದ್ರೂ ಆಗುತ್ತೆ ಅಂತ ನಾನೇ ಅಣ್ಣನ್ನ ಒಪ್ಸಿ ಆಟೋದಲ್ಲಿ ಕರ್ಕೊಂಡ್ಹೋದೆ.

ಆ ಮನುಷ್ಯ ನಮ್ಮನ್ನ ನೋಡ್ತಿದ್ದ ಹಾಗೇ ಒಳಗಿಂದ ಕುರ್ಚಿ ತಂದು ಅಣ್ಣನ್ನ ಕೂರಿಸ್ದ. ಅಷ್ಟಕ್ಕೇ ನಮಗೆ ನಂಬಿಕೆ ಬಂದ್ಬಿಡ್ತು, ಯಾಕಂದ್ರೆ ಅದಕ್ಕೆ ಮುಂಚೆ ಆಫೀಸ್ ಒಳಗೆ ಅರ್ಧ ಗಂಟೆ ನಿಂತಿದ್ರೂ ಯಾರೂ ಕೂತ್ಕೊಳ್ಳಿ ಅಂದಿರ್ಲಿಲ್ಲ. "ಅಕ್ಕ ನೀವ್ ತಲೆ ಕೆಡಿಸ್ಕೋಬೇಡಿ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಡಾಕ್ಟ್ರು ಸರ್ಟಿಫಿಕೇಟು, ಪಿಂಚಣಿ ಆರ್ಡರ್ ಮೂರೂ ನಾನೇ ಮಾಡಿಸ್ಕೊಡ್ತೀನಿ" ಅಂದ. ಮೊದ್ಲು ಮೂರೂವರೆ ಸಾವಿರ ತಗೊಂಡ, ಹದಿನೈದು ದಿನ ಬಿಟ್ಟು ಇನ್ನೂ ಎರಡೂವರೆ. ಎರಡ್ನೇ ಸಲ ಅತ್ತಿಗೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಂದ್ಕೊಟ್ರು.

ಯುಡಿಐಡಿ ಅರ್ಜಿಗೆ ಒಂದು ರೂಪಾಯಿನೂ ಸರ್ಕಾರಿ ಫೀಸ್ ಇಲ್ಲ ಅಂತ ನನಗೆ ಆಗ ಗೊತ್ತಿರ್ಲಿಲ್ಲ. ಸ್ವಾವಲಂಬನ್ ಕಾರ್ಡ್ ವೆಬ್‌ಸೈಟಲ್ಲಿ ನಾವೇ ಹಾಕ್ಬೋದು, ಹಾಕುವಾಗ ಆಸ್ಪತ್ರೆ ಆಯ್ಕೆ ಮಾಡ್ಬೇಕು, ಆಮೇಲೆ ಅಲ್ಲಿ ಡಾಕ್ಟ್ರು ನೋಡಿ ಎಷ್ಟು ಪರ್ಸೆಂಟ್ ಅಂತ ಬರೀತಾರೆ. 2021ರ ಜೂನ್‌ನಿಂದ ಅಂಗವೈಕಲ್ಯದ ಸರ್ಟಿಫಿಕೇಟ್ ಈ ಆನ್‌ಲೈನ್ ಮೂಲಕವೇ ಕೊಡ್ಬೇಕು ಅಂತ ಆಗಿದೆ, ಹಾಗಾಗಿ ಯಾರಾದ್ರೂ ಹೊಸದಾಗಿ ಕೈಯಲ್ಲಿ ಬರೆದು ಸೀಲ್ ಹೊಡೆದ ಸರ್ಟಿಫಿಕೇಟ್ ತಂದ್ಕೊಡ್ತೀನಿ ಅಂದ್ರೆ ಅಲ್ಲೇ ಎದ್ದು ಬನ್ನಿ. ನಮ್ಮವ್ನು ಕೊಟ್ಟಿದ್ದು ಅದನ್ನೇ. ಅದನ್ನ ಪಿಂಚಣಿ ಅರ್ಜಿಗೆ ಲಗತ್ತಿಸಿದ್ದಕ್ಕೆ ಅರ್ಜಿ ವಜಾ ಆಯ್ತು, ವಜಾ ಆಗಿದ್ದೂ ನಮಗೆ ನಾಲ್ಕು ತಿಂಗ್ಳಾದ್ಮೇಲೆ ಗೊತ್ತಾಗಿದ್ದು.

ಯಾಕೆ ಗೊತ್ತಾಗ್ಲಿಲ್ಲ ಅಂದ್ರೆ, ಇದೇ ಮುಖ್ಯ ವಿಷ್ಯ. ಅವ್ನು ಫೋನ್ ಎತ್ತೋದು ನಿಲ್ಲಿಸ್ದ ಮೇಲೆ ಅವತ್ತು ಅವ್ನು ಕೊಟ್ಟಿದ್ದ ಅರ್ಜಿ ಚೀಟಿ ನಾನು ತೆಗೆದು ನೋಡ್ದೆ. ಆಧಾರ್ ಜೊತೆ ಮಡಚಿ ಕವರಲ್ಲಿಟ್ಟಿದ್ದು, ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸೋಗಿತ್ತು. ಹೆಸರು ಅಣ್ಣಂದೇ, ಹುಟ್ಟಿದ್ ದಿನಾನೂ ಸರಿ, ಕೆಳಗಡೆ ಮೊಬೈಲ್ ನಂಬರ್ ಕೊನೇ ನಾಲ್ಕಂಕಿ ನಮ್ಮನೇಲಿ ಯಾರ್ದೂ ಅಲ್ಲ. ಅವನ ನಂಬರ್ ಹಾಕ್ಕೊಂಡಿದ್ದ! ಮೆಸೇಜ್ ಎಲ್ಲಾ ಅವನಿಗೇ, ಓಟಿಪಿ ಅವನಿಗೇ. ನಾವೇ ಹೊಸದಾಗಿ ಯುಡಿಐಡಿ ಅರ್ಜಿ ಹಾಕೋಣ ಅಂತ ಹೋದ್ರೆ ಈ ಆಧಾರ್‌ಗೆ ಆಗ್ಲೇ ಅರ್ಜಿ ಇದೆ ಅಂತ ಬಂತು, ಹಳೇದು ತೆಗೆಯೋಣ ಅಂದ್ರೆ ಓಟಿಪಿ ಅವನ ಫೋನಿಗೆ ಹೋಗುತ್ತೆ. ಅಣ್ಣ ಒಂದು ಮಾತೂ ಆಡ್ಲಿಲ್ಲ ಅವತ್ತು, ಊರುಗೋಲು ಗೋಡೆಗೊರಗಿಸಿ ಮಲಗ್ಬಿಟ್ಟ. ನನಗೆ ಈಗ್ಲೂ ಅದು ನೆನಪಾದ್ರೆ ಸಂಕಟ ಆಗುತ್ತೆ.

ನಮ್ಮನ್ನ ಇದ್ರಿಂದ ಹೊರಗೆ ತಂದಿದ್ದು ಪಂಚಾಯ್ತಿಲಿರೋ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಈ ಕೆಲ್ಸಕ್ಕೆ ಅಂತಾನೇ ಗ್ರಾಮ ಪಂಚಾಯ್ತಿಲಿ ಇಂಥವ್ರು ಇರ್ತಾರೆ, ತಾಲೂಕ್ ಪಂಚಾಯ್ತಿಲಿ ಎಂಆರ್‌ಡಬ್ಲ್ಯೂ ಅಂತಾನೂ ಇರ್ತಾರೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನಮಗೂ ಗೊತ್ತಿರ್ಲಿಲ್ಲ. ಅವ್ರು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಗೆ ಜೊತೇಲೇ ಬಂದು ಅರ್ಜಿ ಬರೆಸಿ ನಂಬರ್ ಬದ್ಲಾಯಿಸಿಕೊಟ್ರು, ದುಡ್ಡು ಕೊಡೋಕೆ ಹೋದ್ರೆ ಬೈದ್ರು. ಆಮೇಲೆ ಆಸ್ಪತ್ರೆಲಿ 60 ಪರ್ಸೆಂಟ್ ಅಂತ ಬರೆದ್ರು, ಹಳದಿ ಕಾರ್ಡ್ ಅಂಚೇಲಿ ಮನೆಗೇ ಬಂತು. 40ಕ್ಕಿಂತ ಕಮ್ಮಿ ಇದ್ರೆ ಬಿಳಿ ಕಾರ್ಡು, ಅದಕ್ಕೆ ಪಿಂಚಣಿ ಇಲ್ಲ, 80ರಿಂದ ಮೇಲೆ ನೀಲಿ.

ಇನ್ನೊಂದು ಕಡೆನೂ ಎಡವಿದ್ವಿ. ಪಿಂಚಣಿಗೆ ಕುಟುಂಬದ ವರ್ಷದ ಆದಾಯ 32,000ದೊಳಗೆ ಇರ್ಬೇಕು. ಆ ಬ್ರೋಕರ್ ಹಾಕಿದ್ದು ಅಣ್ಣ ದುಡೀತಿದ್ದಾಗ ಮಗಳ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ್ದ ಆದಾಯ ಪ್ರಮಾಣ ಪತ್ರ, ಅದರಲ್ಲಿ 48,000 ಇತ್ತು. ನಿಮ್ಮತ್ರ ಇರೋ ಪತ್ರಕ್ಕೆ ಅವಧಿ ಇದೆ ಅಂತ ಸುಮ್ಮನಾಗ್ಬೇಡಿ, ಅದರಲ್ಲಿ ಎಷ್ಟು ಬರೆದಿದೆ ನೋಡಿ, ಪರಿಸ್ಥಿತಿ ಬದ್ಲಾಗಿದ್ರೆ ನಾಡಕಚೇರಿಲಿ ಹೊಸದು ಮಾಡಿಸಿ. ಗ್ರಾಮ ಆಡಳಿತಾಧಿಕಾರಿ (ಮೊದ್ಲು ಗ್ರಾಮ ಲೆಕ್ಕಿಗರು ಅಂತಿದ್ರು) ಮನೆ ಹತ್ರ ವಿಚಾರಣೆಗೆ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿ, ಆಪರೇಷನ್ ಆದ ಡಿಸ್ಚಾರ್ಜ್ ಕಾಗದ ತೋರ್ಸಿ. ಆರ್‌ಡಿ ನಂಬರ್ (ನಾಡಕಚೇರಿ ಅರ್ಜಿ ಸಂಖ್ಯೆ) ಇರೋ ರಸೀದಿನ ಫೋಟೋ ತೆಗೆದಿಟ್ಕೊಳ್ಳಿ.

ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ, ಅಂದ್ರೆ ಪಿಂಚಣಿ ದುಡ್ಡು ಯಾವ ಅಕೌಂಟಿಗೆ ಬೀಳುತ್ತೆ ಅಂತಾನೂ ಮೊದ್ಲೇ ಕೇಳ್ಕೊಳ್ಳಿ, ಗೃಹಲಕ್ಷ್ಮಿ ಟೈಮಲ್ಲಿ ಎಷ್ಟು ಜನ ಇದಕ್ಕೇ ಒದ್ದಾಡಿದ್ರು ಗೊತ್ತಲ್ಲ.

ಹೋದ ತಿಂಗ್ಳು ಅಣ್ಣನ ಅಕೌಂಟಿಗೆ ಮೊದಲನೇ 800 ರೂಪಾಯಿ ಬಂತು. ಮೆಸೇಜ್ ಬಂದಿದ್ದು ಅಣ್ಣನ ಫೋನಿಗೇ, ಅತ್ತಿಗೆಗೆ ಎರಡು ಸಲ ಓದಿಸಿ ಕೇಳ್ದ. ಹಾಳಾದ ಆ ಹತ್ತು ತಿಂಗಳ ದುಡ್ಡು ನಮಗೆ ಸಿಗ್ಲಿಲ್ಲ, ಸಂಘದ ಸಾಲ ಇನ್ನೂ ಕಟ್ತಾ ಇದಾರೆ.