ನಾಸಾದ ಬಾಹ್ಯಾಕಾಶ ನಿಲ್ದಾಣ ನೇರಪ್ರಸಾರ: ಪಂಪ್ ರಿಪೇರಿಯವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಭೂಮಿಯ ಚಂದ ನೋಡೋಣ ಅಂತ ಇದನ್ನು ಹಾಕಿಕೊಂಡರೆ ಸ್ವಲ್ಪ ಹೊತ್ತಿಗೇ ಎದ್ದು ಹೋಗುತ್ತೀರಿ. ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತು ಕೆಳಗೆ ಕತ್ತಲೆ, ಪರದೆಯೂ ಕಪ್ಪು. ಮಧ್ಯೆ ಮಧ್ಯೆ ಬರೀ ನೀಲಿ ಪರದೆ ಬಂದು ಕೂರುತ್ತದೆ. ಕೆಟ್ಟುಹೋಯಿತು ಅಂದುಕೊಳ್ಳಬೇಡಿ. ಚಿತ್ರ ಮೊದಲು ಸುಮಾರು 36,000 ಕಿ.ಮೀ. ಎತ್ತರದ ರಿಲೇ ಉಪಗ್ರಹಕ್ಕೆ ಹೋಗಿ ಅಲ್ಲಿಂದ ಕೆಳಗೆ ಬರುತ್ತದೆ. ಒಂದು ಉಪಗ್ರಹ ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಸಿಗ್ನಲ್ ಇರುವುದಿಲ್ಲ, ಅಷ್ಟೇ.

ನಾನು ಕಟ್ಟಡಗಳ ಪಂಪು, ಏಸಿ ನೋಡಿಕೊಳ್ಳುವವನು. ಕೆಲಸದ ಮಧ್ಯೆ ಇದನ್ನು ಕಿವಿಗೆ ಹಾಕಿಕೊಂಡಿರುತ್ತೇನೆ. ನನ್ನ ಪ್ರಕಾರ ಇದರ ಮಜಾ ಇರುವುದೇ ಮಾತಿನಲ್ಲಿ. ಬೆಳಿಗ್ಗೆ ಒಂದು, ಸಂಜೆ ಒಂದು ಮೀಟಿಂಗ್. ಹ್ಯೂಸ್ಟನ್, ಹಂಟ್ಸ್‌ವಿಲ್, ಮ್ಯೂನಿಕ್, ತ್ಸುಕುಬಾ, ಮಾಸ್ಕೋದ ಕಂಟ್ರೋಲ್ ರೂಮ್‌ಗಳು ಮೇಲಿರುವ ಗಗನಯಾತ್ರಿಗಳ ಜೊತೆ ಸರದಿಯಲ್ಲಿ ಮಾತಾಡುತ್ತವೆ. ಯಾವ ವಾಲ್ವ್, ಯಾವ ಫಿಲ್ಟರ್, ಯಾವ ಚೀಲದಲ್ಲಿ ಯಾವ ಬಿಡಿಭಾಗ, ಇಷ್ಟೇ. ಆರು ತಿಂಗಳು ಮೇಲೆ ಇರುವುದು ಅಂದರೆ ಮೆಂಟೆನೆನ್ಸ್ ಕೆಲಸವೂ ಬಹಳ ಅಂತ ಇದನ್ನು ಕೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು.

2024ರ ಪಂಪಿನ ಕಥೆ ಗೊತ್ತಲ್ವಾ? ಮೂತ್ರವನ್ನು ನೀರು ಮಾಡುವ ಯಂತ್ರದ ಪಂಪ್ ಮೇ ಕೊನೆಯಲ್ಲಿ ಕೈಕೊಟ್ಟಿತು. ಹೊಸದು ಸುಮಾರು 70 ಕಿಲೋ. ಅದಕ್ಕೆ ಜಾಗ ಮಾಡಲು, ಮೇಲೆ ಹೊರಟಿದ್ದ ಸ್ಟಾರ್‌ಲೈನರ್ ನೌಕೆಯಿಂದ ಗಗನಯಾತ್ರಿಗಳಾದ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಅವರ ಬಟ್ಟೆಪೆಟ್ಟಿಗೆಗಳನ್ನೇ ಇಳಿಸಿದರು. ಎಂಟು ದಿನದ ಪ್ರವಾಸ ತಾನೇ, ನಡೆಯುತ್ತದೆ ಅಂತ. ಆಮೇಲೆ ನೌಕೆಯಲ್ಲೇ ತೊಂದರೆಯಾಗಿ ಅವರು ಇದ್ದಿದ್ದು 286 ದಿನ! ಬಟ್ಟೆಯೋ ಪಂಪೋ ಅಂತ ನನ್ನನ್ನು ಕೇಳಿದ್ದರೂ ಪಂಪ್ ಅನ್ನುತ್ತಿದ್ದೆ.

ಈ ಪ್ರಸಾರಕ್ಕೆ ನಾನು ಪೂರ್ತಿ ಅಂಕ ಕೊಡುವುದು 2022ರ ಡಿಸೆಂಬರ್‌ಗೆ. ಇಬ್ಬರು ರಷ್ಯನ್ನರು ಸ್ಪೇಸ್‌ವಾಕ್‌ಗೆ, ಅಂದರೆ ನಿಲ್ದಾಣದಿಂದ ಹೊರಗೆ ಹೋಗಿ ಕೆಲಸ ಮಾಡುವುದಕ್ಕೆ, ತಯಾರಾಗುತ್ತಿದ್ದರು. ಅಷ್ಟರಲ್ಲಿ ಅಲ್ಲೇ ನಿಂತಿದ್ದ ರಷ್ಯಾದ ಸೋಯುಜ್ ನೌಕೆಯಿಂದ ಬಿಳಿ ಹರಳಿನಂಥದ್ದು ಚಿಮ್ಮತೊಡಗಿತು. ಕೂಲಂಟ್ ಲೀಕ್, ಅಂದರೆ ನೌಕೆಯನ್ನು ತಂಪಾಗಿಡುವ ದ್ರವದ ಸೋರಿಕೆ. ಮುಚ್ಚಿಡಲಿಲ್ಲ, ಲೈವ್‌ನಲ್ಲೇ ಕಾಣುತ್ತಿತ್ತು. ಲೀಕ್ ಶುರುವಾದಾಗ ಕ್ಯಾಮೆರಾ ಆನ್ ಇರುವುದು ನಮ್ಮ ಕೆಲಸದಲ್ಲಿ ಎಷ್ಟು ಅಪರೂಪ ಗೊತ್ತಾ? ಸ್ಪೇಸ್‌ವಾಕ್ ರದ್ದಾಯಿತು. ಆ ನೌಕೆ ಕೊನೆಗೆ ಜನರಿಲ್ಲದೆಯೇ ವಾಪಸಾಯಿತು. ಆರು ತಿಂಗಳಿಗೆ ಅಂತ ಅದರಲ್ಲೇ ಹೋಗಿದ್ದ ನಾಸಾ ಗಗನಯಾತ್ರಿ ಫ್ರಾಂಕ್ ರೂಬಿಯೊ ಇಳಿದಿದ್ದು 371 ದಿನದ ಮೇಲೆ.

ಕೇಳಿಸಿದ್ದನ್ನೆಲ್ಲ ನಂಬಬೇಡಿ. 2024ರ ಜೂನ್‌ನಲ್ಲಿ ಗಗನಯಾತ್ರಿಯೊಬ್ಬರಿಗೆ ಜೀವಕ್ಕೇ ಅಪಾಯ ಅನ್ನುವಂಥ ಮಾತು ಇದೇ ಪ್ರಸಾರದಲ್ಲಿ ಕೇಳಿಸಿತು. ಅದು ನೆಲದ ಮೇಲಿನ ತರಬೇತಿಯ ಧ್ವನಿ, ತಪ್ಪಿ ಪ್ರಸಾರವಾಗಿತ್ತು. ಮೇಲಿದ್ದವರಿಗೆ ಆಗ ನಿದ್ದೆಯ ಸಮಯ. ನಿಜವಾದ ವೈದ್ಯರ ಮಾತು, ಮನೆಯವರ ಮಾತು ಖಾಸಗಿ, ಅವನ್ನು ಬಿತ್ತರಿಸುವುದಿಲ್ಲ. ಅದು ಸರಿಯೂ ಹೌದು.

ಯೂಟ್ಯೂಬ್‌ನಲ್ಲಿ ಹುಡುಕಿದರೆ 'ಲೈವ್' ಅಂತ ಹಳೇ ವಿಡಿಯೊ ತಿರುಗಿಸುವ ಚಾನೆಲ್‌ಗಳು ಬೇಕಾದಷ್ಟಿವೆ. ಗುರುತು ಹಿಡಿಯೋದು ಸುಲಭ. ನಿಲ್ದಾಣ ಈಗ ಎಲ್ಲಿದೆ ಅಂತ ತೋರಿಸುವ ಮ್ಯಾಪ್ ಪಕ್ಕದಲ್ಲಿ ತೆರೆಯಿರಿ. ಮ್ಯಾಪ್‌ನಲ್ಲಿ ಅದು ಕತ್ತಲ ಭಾಗದ ನಡುವೆ ಇದ್ದಾಗ ವಿಡಿಯೊದಲ್ಲಿ ಬಿಸಿಲು ಹೊಳೆಯುತ್ತಿದ್ದರೆ ಅದು ಲೈವ್ ಅಲ್ಲ. ನಾಸಾದ್ದೇ ಆದ ಸ್ಟ್ರೀಮಿಂಗ್ ಸೇವೆ ನಾಸಾ ಪ್ಲಸ್‌ನಲ್ಲಿ ಹಣವೂ ಇಲ್ಲ, ಜಾಹೀರಾತೂ ಇಲ್ಲ.

ಕೊರತೆ ಅಂದರೆ ಮಾಮೂಲಿ ದಿನ ವಿವರಿಸುವವರು ಯಾರೂ ಇರುವುದಿಲ್ಲ. ಮಾತೆಲ್ಲ ಮೂರಕ್ಷರ, ನಾಲ್ಕಕ್ಷರದ ಸಂಕೇತಗಳು. ಹಾಗಾಗಿ ಹೊಸಬರು ಸ್ಪೇಸ್‌ವಾಕ್ ದಿನದಿಂದ ಶುರು ಮಾಡಿ. ಆರೇಳು ಗಂಟೆ ನಡೆಯುತ್ತದೆ, ನಿರೂಪಕರೂ ಇರುತ್ತಾರೆ. ದಪ್ಪ ಕೈಗವಸು ಹಾಕಿಕೊಂಡು ಒಂದು ಬೋಲ್ಟ್ ಬಿಚ್ಚಲು ಪಡುವ ಪಾಡು ಹೆಲ್ಮೆಟ್ ಕ್ಯಾಮೆರಾದಲ್ಲಿ ಕಾಣುತ್ತದೆ. ಎಷ್ಟು ಸುತ್ತು ತಿರುಗಿತು ಅಂತ ಅವರು ಬಾಯಿಬಿಟ್ಟು ಹೇಳುತ್ತಾರೆ, ಕೆಳಗಿನವರು ಸರಿ ಅಂದ ಮೇಲೆಯೇ ಮುಂದಿನದು. ನನ್ನ ಕೈಕೆಳಗಿನ ಹುಡುಗರಿಗೆ ಈ ಭಾಗವನ್ನು ಕಡ್ಡಾಯವಾಗಿ ತೋರಿಸುತ್ತೇನೆ. ಐದಕ್ಕೆ ನಾಲ್ಕು.