ಆರ್ಕ್ಟಿಕ್‌ನಲ್ಲಿ ಒಂದು ದಿನದ ಸ್ನೋಸ್ಕೂಟರ್ ಪ್ರವಾಸ: ಹೊಸಬರು ಹಣ ಕಟ್ಟುವ ಮುನ್ನ

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ನಾನೂ ನನ್ನ ಪತ್ನಿಯೂ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಲಾಂಗ್‌ಯಿಯರ್‌ಬಿಯೆನ್ ಊರಿನಿಂದ, ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಚಾಚಾದ ಟೆಂಪೆಲ್‌ಫ್ಯೋರ್ಡ್‌ವರೆಗೆ, ಮಾರ್ಗದರ್ಶಿಯ ಜೊತೆಯಲ್ಲಿ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನದಲ್ಲಿ ಒಂದು ದಿನದ ಪ್ರವಾಸ ಮಾಡಿದೆವು. ಊರು ಇರುವುದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಊರಿನ ಗಡಿ ದಾಟಿದರೆ ರಸ್ತೆಗಳಿಲ್ಲ. ಆ ವಾಹನವನ್ನು ಅಲ್ಲಿಯವರು ಸ್ಕೂಟರ್ ಎಂದೇ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಸ್ಕೂಟರ್ ಎಂದರೆ ತರಕಾರಿ ತರಲು ಹೋಗುವ ಗಾಡಿ. ಆ ಹೆಸರನ್ನು ನಂಬಿಯೇ ಪತ್ನಿ ಈ ಪ್ರವಾಸಕ್ಕೆ ಒಪ್ಪಿದ್ದು.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡಿಸಿದವನು ನಾನು. ಆದ್ದರಿಂದ ಈ ಸೇವೆಯನ್ನು ಆ ಕೊನೆಯವನ ಜಾಗದಲ್ಲಿ ನಿಂತೇ ಅಳೆದಿದ್ದೇನೆ, ಮತ್ತು ಹೊಸಬರಿಗೆಂದು ಮಾರುವ ಪ್ರವಾಸವನ್ನು ಹಾಗೆ ಅಳೆಯುವುದೇ ನ್ಯಾಯ ಎಂದು ನನ್ನ ಅಭಿಪ್ರಾಯ. ಚುರುಕಾಗಿ ಓಡಿಸುವವರಿಗೆ ಯಾವ ಸಂಸ್ಥೆಯ ಜೊತೆ ಹೋದರೂ ಸೊಗಸಾಗಿಯೇ ಇರುತ್ತದೆ. ಕೆಲವು ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಆ ಊರಿನ ಹಲವು ಸಂಸ್ಥೆಗಳು ಹೆಚ್ಚು ಕಡಿಮೆ ಇಂಥದೇ ಪ್ರವಾಸಗಳನ್ನು ನಡೆಸುತ್ತವೆ.

ಮೊದಲು ಕಾಗದಪತ್ರದ ಮಾತು. ಸ್ವಾಲ್‌ಬಾರ್ಡಿಗೆ ಯಾವ ದೇಶದವರಿಗೂ ವೀಸಾ ಬೇಕಿಲ್ಲ ಎಂಬುದು ನಿಜ, ಆದರೆ ಅಲ್ಲಿಗೆ ಹೋಗುವ ವಿಮಾನ ಓಸ್ಲೊ ಅಥವಾ ಟ್ರೊಮ್ಸೊದಿಂದ ಹೊರಡುತ್ತದೆ, ಮತ್ತು ದ್ವೀಪ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಹೊರಗಿದೆ. ಅಂದರೆ ಅಲ್ಲಿಗೆ ಹೋದವರು ಷೆಂಗೆನ್ ವಲಯವನ್ನು ಬಿಟ್ಟು ಮತ್ತೆ ಪ್ರವೇಶಿಸಿದಂತೆ ಲೆಕ್ಕವಾಗುವುದರಿಂದ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದೇ ಪ್ರವೇಶದ ವೀಸಾ ಸಾಲುವುದಿಲ್ಲ. ಇನ್ನು ಸ್ಕೂಟರ್ ಓಡಿಸಲು ಚಾಲನಾ ಪರವಾನಗಿ ಬೇಕು, ಮತ್ತು ಅದು ಕೈಯಲ್ಲಿ ಹಿಡಿಯುವ ಕಾರ್ಡ್ ಆಗಿರಬೇಕು. ನಾನು ಕರ್ನಾಟಕದ ಕಾರ್ಡನ್ನೂ ಆರ್‌ಟಿಒದಿಂದ ಪಡೆದ ಅಂತರರಾಷ್ಟ್ರೀಯ ಪರವಾನಗಿಯನ್ನೂ ತೋರಿಸಿದೆ, ಒಪ್ಪಿಕೊಂಡರು. ನಮ್ಮ ಗುಂಪಿನಲ್ಲಿದ್ದ ಹೈದರಾಬಾದಿನ ಯುವಕನೊಬ್ಬ ಫೋನಿನಲ್ಲಿ ಡಿಜಿಲಾಕರ್ ತೆರೆದು ತೋರಿಸಿದ. ಮಾರ್ಗದರ್ಶಿ ಅದನ್ನು ಗೌರವದಿಂದಲೇ ನೋಡಿ, ಗೌರವದಿಂದಲೇ ನಿರಾಕರಿಸಿದರು. ಆತ ದಿನವಿಡೀ ಅಪರಿಚಿತರೊಬ್ಬರ ಹಿಂದಿನ ಸೀಟಿನಲ್ಲಿ ಕುಳಿತು ಬಂದ. ನಿಮ್ಮ ಪರವಾನಗಿ ನಡೆಯುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಸಂಸ್ಥೆಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಿಂದಿನ ರಾತ್ರಿ ಮದ್ಯ ಸೇವಿಸಿದ್ದೀರಾ ಎಂದೂ ಬೆಳಿಗ್ಗೆ ಒಬ್ಬೊಬ್ಬರನ್ನಾಗಿ ಕೇಳುತ್ತಾರೆ, ಅದು ಬಾಯಿಮಾತಿನ ಪ್ರಶ್ನೆಯಲ್ಲ: ನಮ್ಮಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮಿತಿಯಿದ್ದರೆ ಅಲ್ಲಿ 20.

ಸಂಸ್ಥೆಯ ಕಟ್ಟಡದ ಬಾಗಿಲಲ್ಲೇ ಚಪ್ಪಲಿ, ಬೂಟು ಕಳಚಬೇಕು. ಕಲ್ಲಿದ್ದಲ ಗಣಿಯ ದಿನಗಳಲ್ಲಿ ಬೂಟಿನ ಮಸಿ ಮನೆಯೊಳಗೆ ಬಾರದಿರಲೆಂದು ಹುಟ್ಟಿದ ಈ ರೂಢಿ, ಕೊನೆಯ ನಾರ್ವೇಜಿಯನ್ ಗಣಿ 2025ರಲ್ಲಿ ಮುಚ್ಚಿದ ಮೇಲೂ ಹಾಗೆಯೇ ಉಳಿದಿದೆ. ನಮಗಂತೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಳಗೆ ನಮ್ಮ ಬಟ್ಟೆಯ ಮೇಲೆಯೇ ತೊಡುವ ದಪ್ಪನೆಯ ಒಂದೇ ತುಂಡಿನ ಸೂಟು, ಮೊಣಕಾಲ ಹತ್ತಿರ ಬರುವ ಬೂಟು, ಮುಖವನ್ನೂ ಕುತ್ತಿಗೆಯನ್ನೂ ಮುಚ್ಚುವ ಟೋಪಿ, ಹೆಲ್ಮೆಟ್, ಗಾಳಿಗನ್ನಡಕ, ಬೆರಳುಗಳೆಲ್ಲ ಒಂದೇ ಚೀಲದಲ್ಲಿ ಸೇರುವಂಥ ಕೈಗವಸು ಕೊಟ್ಟರು. ಇದಕ್ಕೆಲ್ಲ ಪ್ರತ್ಯೇಕ ಬಾಡಿಗೆಯಿಲ್ಲ. ಆ ದಿನ ಬೆಳಿಗ್ಗೆ ತಾಪಮಾನ ಮೈನಸ್ 17. ಗಾಳಿಯೇ ಇಲ್ಲದಿದ್ದರೂ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವವರ ಚರ್ಮಕ್ಕೆ ಅದು ಮೈನಸ್ 30ರಂತೆ ತಾಗುತ್ತದೆ. ಹೀಗಾಗಿ ಮಾರ್ಗದರ್ಶಿಯು ಹೆಲ್ಮೆಟ್ಟಿಗೂ ಕನ್ನಡಕಕ್ಕೂ ನಡುವೆ ಬೆರಳು ತೂರಿಸಿ, ಚರ್ಮ ಎಲ್ಲಾದರೂ ಕಾಣುತ್ತಿದೆಯೇ ಎಂದು ಪ್ರತಿಯೊಬ್ಬರ ಮುಖವನ್ನೂ ಪರೀಕ್ಷಿಸಿದರು. ಹೊರಡುವ ಮುಂಚಿನ ಈ ನಲವತ್ತು ನಿಮಿಷಗಳಲ್ಲಿ ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಹಣದ ಅರ್ಧದಷ್ಟು ಬೆಲೆ ನನಗೆ ಅಲ್ಲೇ ಸಂದಿತು.

ಸ್ಕೂಟರ್ ಓಡಿಸುವುದು ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಸುಲಭವೇ, ಆದರೆ ಭಾರತದಲ್ಲಿ ದ್ವಿಚಕ್ರ ವಾಹನ ಓಡಿಸಿ ಅಭ್ಯಾಸವಾದವರು ಮೊದಲು ಕೆಲವು ಅಭ್ಯಾಸಗಳನ್ನು ಮರೆಯಬೇಕಾಗುತ್ತದೆ. ಗೇರಿಲ್ಲ; ನಮ್ಮ ಗೇರಿಲ್ಲದ ಸ್ಕೂಟರುಗಳಂತೆ ಇದೂ ಬೆಲ್ಟಿನ ಮೇಲೆ ನಡೆಯುವ ಯಂತ್ರ. ಆದರೆ ವೇಗ ಹೆಚ್ಚಿಸಲು ಹಿಡಿಯನ್ನು ತಿರುಗಿಸುವಂತಿಲ್ಲ, ಬಲಗೈ ಹೆಬ್ಬೆರಳಿನಿಂದ ಒಂದು ಸಣ್ಣ ಸನ್ನೆಕೋಲನ್ನು (ಲಿವರ್) ಒತ್ತಬೇಕು, ಬ್ರೇಕು ಎಡಗೈಯಲ್ಲಿದೆ. ಮೊದಲ ಐದು ನಿಮಿಷ ನಾನು ಹಿಡಿಯನ್ನು ತಿರುಚುತ್ತಲೇ ಇದ್ದೆ, ಗಾಡಿ ನಿಂತಲ್ಲೇ ಇತ್ತು. ಹೆಬ್ಬೆರಳು ಒತ್ತಿದಾಗ ಅದು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಲ್ಟ್ ಹಿಡಿದ ಕ್ಷಣಕ್ಕೆ ಮುಗ್ಗರಿಸಿದಂತೆ ಮುಂದಕ್ಕೆ ನೆಗೆಯಿತು, ಹಿಂದೆ ಕುಳಿತ ಪತ್ನಿಯ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಠಣ್ಣೆಂದು ಬಡಿಯಿತು. ಗಾಡಿಯ ಮುಂಭಾಗದ ಎರಡು ಹಿಮಹಲಗೆಗಳು (ಸ್ಕೀ) ಮೊದಲು ಹೋದ ಗಾಡಿಗಳು ಕೊರೆದ ಜಾಡುಗಳನ್ನು ತಾವಾಗಿಯೇ ಹುಡುಕಿಕೊಂಡು ಅತ್ತಿತ್ತ ಎಳೆಯುತ್ತವೆ; ಅದರೊಡನೆ ಜಗ್ಗಾಡಿದಷ್ಟೂ ತೋಳು ಸೋಲುತ್ತದೆ. ಹಿಡಿಯನ್ನು ಸಡಿಲವಾಗಿ ಹಿಡಿದು, ಗಾಡಿಗೆ ಒಂದಿಷ್ಟು ಸ್ವಾತಂತ್ರ್ಯ ಕೊಟ್ಟು, ದೃಷ್ಟಿಯನ್ನು ದೂರಕ್ಕಿಟ್ಟರೆ ಅದು ನೆಟ್ಟಗೆ ಹೋಗುತ್ತದೆ ಎಂಬುದನ್ನು ಮಾರ್ಗದರ್ಶಿ ಹೇಳಿದ್ದರು. ನನ್ನ ಭುಜಗಳಿಗೆ ಅದು ಅರ್ಥವಾಗಲು ಹತ್ತು ಕಿಲೋಮೀಟರ್ ಹಿಡಿಯಿತು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಕಾಲಿನದು. ಗಾಡಿ ವಾಲಿದರೆ ಕಾಲೂರುವುದು ನಮ್ಮ ರಕ್ತಕ್ಕೇ ಹತ್ತಿದ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಮುನ್ನೂರು ಕಿಲೋ ಹತ್ತಿರದ ಯಂತ್ರದ ಕೆಳಗೆ ಕಾಲು ಸಿಕ್ಕಿಕೊಳ್ಳುತ್ತದೆ. ಪಾದಗಳು ಸದಾ ಪಾದಹಲಗೆಯ ಮೇಲಿರಬೇಕು. ಗಾಡಿ ಮಗುಚಿಯೇ ಬಿಡುವಂತಿದ್ದರೆ ಅದನ್ನು ಬಿಟ್ಟು ಮೇಲಿನ ಬದಿಗೆ ಹಾರಿಕೊಳ್ಳಬೇಕು. ಚಾಲಕನ ಸೂಟಿಗೆ ಸಿಕ್ಕಿಸಿರುವ ಸುರುಳಿ ಹಗ್ಗ ಕಿತ್ತುಬಂದರೆ ಎಂಜಿನ್ ತಾನಾಗಿ ನಿಲ್ಲುತ್ತದೆ. ಎಸ್ಕರ್‌ಡಾಲೆನ್ ಕಣಿವೆಯಲ್ಲಿ ಜಾಡು ಒಂದು ಗುಡ್ಡದ ಮಗ್ಗುಲಲ್ಲಿ ಓರೆಯಾಗಿ ಸಾಗುವ ಕಡೆ ಇದೆಲ್ಲದರ ಪರೀಕ್ಷೆಯಾಯಿತು. ಅಲ್ಲಿ ಸೀಟಿನಿಂದ ಎದ್ದು, ದೇಹದ ಭಾರವನ್ನೆಲ್ಲ ಗುಡ್ಡದ ಕಡೆಯ ಕಾಲಿನ ಮೇಲೆ ಹಾಕಿ, ವೇಗವನ್ನು ತಗ್ಗಿಸದೆ ದಾಟಬೇಕು. ಹಿಂದೆ ಕುಳಿತವರೂ ಅದೇ ಬದಿಗೆ ವಾಲಬೇಕು. ಭಯದಿಂದ ಹೆಬ್ಬೆರಳು ಸಡಿಲಿಸಿದೆ, ಗಾಡಿ ಕೆಳಕ್ಕೆ ಜಾರಿ ಹಿಮದಲ್ಲಿ ಹೂತು ನಿಂತಿತು.

ಮಾರ್ಗದರ್ಶಿ ತಮ್ಮ ಗಾಡಿ ನಿಲ್ಲಿಸಿ ಕೈಯೆತ್ತಿದರು, ಸಾಲು ಪೂರ್ತಿ ನಿಂತಿತು. ನಡೆದು ಬಂದವರು ನನ್ನ ತಪ್ಪಿನ ಮಾತನ್ನೇ ಎತ್ತಲಿಲ್ಲ. ಕಾಲಿನಿಂದ ಹಿಮ ಸರಿಸಿ, ಮುಂಭಾಗ ಎತ್ತಿ ತಿರುಗಿಸಿ, ನನಗೇ ಮತ್ತೊಮ್ಮೆ ಅದೇ ಜಾಗವನ್ನು ದಾಟಲು ಹೇಳಿ, ಪತ್ನಿಯನ್ನು ಮಾತ್ರ ಆ ಐವತ್ತು ಮೀಟರ್ ನಡೆಸಿಕೊಂಡು ಹೋದರು. ಆಮೇಲೆ ಸಾಲಿನಲ್ಲಿ ನಮ್ಮ ಸ್ಥಾನ ಬದಲಾಯಿತು: ಕೊನೆಯಲ್ಲಿದ್ದ ನಮ್ಮನ್ನು ತಮ್ಮ ಹಿಂದೆಯೇ ಇರಿಸಿಕೊಂಡರು. ನಿಧಾನದವರು ಬಾಲದಲ್ಲಿದ್ದರೆ ಮುಂದಿನವರನ್ನು ಹಿಡಿಯುವ ಗಾಬರಿಯಲ್ಲಿ ಹೆಚ್ಚು ತಪ್ಪು ಮಾಡುತ್ತಾರೆ. ತಲೆಯಲ್ಲಿದ್ದರೆ ಇಡೀ ಗುಂಪಿನ ವೇಗವನ್ನು ಅವರೇ ನಿರ್ಧರಿಸುತ್ತಾರೆ. ಕಾಯ್ದೆಯ ಪ್ರಕಾರ ಊರ ಹೊರಗೆ ಗಂಟೆಗೆ 80 ಕಿಲೋಮೀಟರ್‌ವರೆಗೆ ಹೋಗಬಹುದು. ನಾವು ಹೋದದ್ದು ಬಹುಪಾಲು ಮೂವತ್ತೈದು, ನಲವತ್ತರಲ್ಲಿ, ಮತ್ತು ಅದು ನನ್ನಿಂದಾಗಿ. ಇಷ್ಟು ಒಳ್ಳೆಯ ಏರ್ಪಾಡನ್ನು ಹೊರಡುವಾಗಲೇ ಏಕೆ ಮಾಡಲಿಲ್ಲ ಎಂಬುದು ನನ್ನ ಮೊದಲ ಆಕ್ಷೇಪಣೆ. ಅಂಗಳದಲ್ಲಿ ಎರಡು ಸುತ್ತು ಹಾಕಿಸಿದ್ದರೆ ಸಾಕಿತ್ತು, ಯಾರು ಹಿಂದೆ ಬೀಳುತ್ತಾರೆಂಬುದು ಮಕ್ಕಳಿಗೂ ತಿಳಿಯುತ್ತಿತ್ತು.

ಆಡ್ವೆಂಟ್‌ಡಾಲೆನ್, ಎಸ್ಕರ್‌ಡಾಲೆನ್ ದಾಟಿ ಸಾಸ್ಸೆನ್‌ಡಾಲೆನ್ ಎಂಬ ಅಗಲವಾದ ಕಣಿವೆಗೆ ಇಳಿದ ಮೇಲೆ ಚಾಲಕನಿಗೆ ಕಷ್ಟವೇನಿಲ್ಲ. ಗಿಡ್ಡ ಕಾಲಿನ, ದುಂಡು ಮೈಯ ಹಿಮಸಾರಂಗಗಳು ಅಲ್ಲಲ್ಲಿ ಗೊರಸಿನಿಂದ ಹಿಮ ಕೆರೆದು ಮೇಯುತ್ತಿದ್ದವು. ಅವುಗಳ ಹತ್ತಿರ ಬಂದಾಗ ಮಾರ್ಗದರ್ಶಿ ದೂರದ ಬಳಸುದಾರಿ ಹಿಡಿದರು, ಏಕೆಂದರೆ ಚಳಿಗಾಲದ ಕೊನೆಗೆ ಅವುಗಳ ಕೊಬ್ಬು ಕರಗಿರುತ್ತದೆ, ಓಡಿಸಿದರೆ ಉಳಿದದ್ದೂ ಖರ್ಚಾಗುತ್ತದೆ. ಕಣಿವೆಯ ಕೊನೆಯಲ್ಲಿ, ಸಮುದ್ರದ ಅಂಚಿನಲ್ಲಿ ಫ್ರೆಡ್‌ಹೈಮ್ ಎಂಬ ಮರದ ಮನೆಯಿದೆ. ಸ್ವಾಲ್‌ಬಾರ್ಡಿನಲ್ಲಿ 38 ಚಳಿಗಾಲಗಳನ್ನು ಕಳೆದ ಹಿಲ್ಮಾರ್ ನೋಯಿಸ್ ಎಂಬ ಬೇಟೆಗಾರನ ಮನೆ ಅದು. ಅಲೆಗಳು ದಡವನ್ನು ಕೊರೆಯುತ್ತಿದ್ದುದರಿಂದ 2015ರಲ್ಲಿ ಅದನ್ನು ಒಳನಾಡಿನ ಕಡೆಗೆ ಸರಿಸಿ ನಿಲ್ಲಿಸಿದ್ದಾರೆ. ಹೆಸರಿನ ಅರ್ಥ ಶಾಂತಿಯ ಮನೆ ಎಂದು ಮಾರ್ಗದರ್ಶಿ ಹೇಳಿದಾಗ, ನಮ್ಮ ಬೀದಿಯಲ್ಲೇ ಎರಡು ‘ಶಾಂತಿ ನಿಲಯ’ಗಳಿರುವುದನ್ನು ಪತ್ನಿ ನೆನಪಿಸಿದಳು. ಎದುರಿಗೆ ಕಾಣುವ ಬೆಟ್ಟದ ಕಲ್ಲಿನ ಪದರಗಳು ಅಂತಸ್ತು ಅಂತಸ್ತಾಗಿ ಏರಿ, ನಡುನಡುವೆ ಕಂಬಗಳಂತೆ ಸೀಳಿವೆ. ದೇವಾಲಯದಂತಿದೆ ಎಂದೇ ಆ ಬೆಟ್ಟಕ್ಕೂ ಫ್ಯೋರ್ಡಿಗೂ ‘ಟೆಂಪೆಲ್’ ಎಂಬ ಹೆಸರು.

ಊಟಕ್ಕೆ ಒಣಗಿಸಿದ ಆಹಾರದ ಪೊಟ್ಟಣ ಕೊಡುತ್ತಾರೆ. ಫ್ಲಾಸ್ಕಿನ ಬಿಸಿನೀರು ಹೊಯ್ದು, ಬಾಯಿ ಮಡಚಿ, ಕೆಲವು ನಿಮಿಷ ಸೂಟಿನೊಳಗೆ ಎದೆಗವಚಿಕೊಂಡರೆ ಊಟವೂ ಸಿದ್ಧ, ಎದೆಯೂ ಬೆಚ್ಚಗೆ. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿದ್ದೆವು, ಮರೆಯದೆ ತಂದಿದ್ದರು. ರುಚಿಯ ಮಾತು ಬೇಡ. ನಮ್ಮ ಜೇಬಿನ ಚಾಕೊಲೇಟು ಹಲ್ಲಿಗೆ ಬಗ್ಗದ ಕಲ್ಲಾಗಿತ್ತು; ಮನೆಯಿಂದ ತಂದ ಕೋಡುಬಳೆಯಲ್ಲಿ ಹೆಪ್ಪುಗಟ್ಟಲು ನೀರೇ ಇಲ್ಲದ್ದರಿಂದ ಅದು ಕೋಡುಬಳೆಯಾಗಿಯೇ ಉಳಿದಿತ್ತು, ಗುಂಪಿನಲ್ಲಿ ಎರಡೇ ನಿಮಿಷದಲ್ಲಿ ಖಾಲಿಯಾಯಿತು.

ಹಿಮಕರಡಿ ನೋಡುವ ಆಸೆಯಿಂದ ಈ ಪ್ರವಾಸಕ್ಕೆ ಹಣ ಕಟ್ಟಬೇಡಿ. ಕರಡಿಯನ್ನು ಅರಸಿ ಹೋಗುವುದೇ ಅಲ್ಲಿ ಅಪರಾಧ. 2025ರಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಫ್ಯೋರ್ಡಿನ ಮಂಜುಗಡ್ಡೆಯ ಮೇಲೆ ಸೀಲುಗಳೂ ಕರಡಿಗಳೂ ಇರುವ ಕಾಲದಲ್ಲಿ ಅಲ್ಲಿ ವಾಹನ ಓಡಿಸಲು ರಾಜ್ಯಪಾಲರ ಕಚೇರಿಯ ನಿರ್ಬಂಧವೂ ಇರುವುದರಿಂದ ಪ್ರವಾಸ ದಡದಲ್ಲೇ ಮುಗಿಯುತ್ತದೆ. ನಾವು ಊಟ ಮಾಡುವಷ್ಟು ಹೊತ್ತೂ ಮಾರ್ಗದರ್ಶಿ ಕುಳಿತುಕೊಳ್ಳದೆ, ಬಂದೂಕನ್ನು ಹೆಗಲಿಗೆ ಹಾಕಿ, ದುರ್ಬೀನು ಹಿಡಿದು ಸುತ್ತ ನೋಡುತ್ತಲೇ ಇದ್ದರು. ಮೊಬೈಲಿಗೆ ಸಿಗ್ನಲ್ ಇಲ್ಲದ ಜಾಗವಾದ್ದರಿಂದ ಉಪಗ್ರಹ ಫೋನು ಅವರ ಬಳಿಯಿತ್ತು. ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚುವ ಸಾಧನವನ್ನು ನಮ್ಮೆಲ್ಲರ ಎದೆಗೂ ಬೆಳಿಗ್ಗೆಯೇ ಕಟ್ಟಿದ್ದರು.

ಇನ್ನು ದೂರುಗಳು. ನನಗೆ ಕೊಟ್ಟ ಗಾಳಿಗನ್ನಡಕ ಹಳೆಯದು, ಒಳಗಿನ ಪದರ ಸೀಳಿತ್ತು. ಮೊದಲ ಅರ್ಧ ಗಂಟೆಯಲ್ಲೇ ಉಸಿರಿನ ಆವಿ ಅದರಲ್ಲಿ ಮಂಜಾಗಿ ಕೂತು, ಬಲಗಣ್ಣಿಗೆ ಹಾಲು ಬಳಿದ ಗಾಜಿನಂತೆ ಕಾಣುತ್ತಿತ್ತು. ಬದಲಿ ಕನ್ನಡಕ ಕೇಳಿದರೆ ಇದ್ದದ್ದು ಒಂದೇ, ಅದನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ನಿಧಾನವಾಗಿ ಓಡಿಸುತ್ತಿದ್ದೆ ಎಂದೆನಲ್ಲ, ಅದರಲ್ಲಿ ಈ ಕನ್ನಡಕದ ಪಾಲೂ ಇದೆ. ದೃಷ್ಟಿಗೆಂದು ಕನ್ನಡಕ ಹಾಕುವವರು ಈ ಗಾಳಿಗನ್ನಡಕವನ್ನು ಸಂಸ್ಥೆಯ ಕಟ್ಟಡದಲ್ಲೇ ಬೆಳಕಿಗೆ ಹಿಡಿದು ನೋಡಿ ತೆಗೆದುಕೊಳ್ಳಬೇಕು.

ಎರಡನೆಯದು ಹಿಂದಿನ ಸೀಟು. ಚಾಲಕನ ಹಿಡಿಗಳಲ್ಲಿ, ಹೆಬ್ಬೆರಳ ಸನ್ನೆಕೋಲಿನಲ್ಲಿ ಕೂಡ, ವಿದ್ಯುತ್ತಿನ ಶಾಖವಿದೆ, ದೇಹವೂ ದುಡಿಯುತ್ತಿರುತ್ತದೆ. ಹಿಂದೆ ಕುಳಿತವರಿಗೆ ನಮ್ಮ ಗಾಡಿಯಲ್ಲಿ ಬಿಸಿಯಾಗದ ಬರೀ ಹಿಡಿ, ಕಣ್ಣೆದುರಿಗೆ ಗಂಡನ ಬೆನ್ನು, ಸುಮಾರು 110 ಕಿಲೋಮೀಟರ್ ಉದ್ದಕ್ಕೂ ಅಷ್ಟೇ. ಪ್ರವಾಸದ ವಿವರಣೆಯಲ್ಲಿ ‘ಜೋಡಿ ಸವಾರಿ, ಕಡಿಮೆ ಬೆಲೆ’ ಎಂದಿತ್ತೇ ಹೊರತು ಹಿಂದೆ ಕುಳಿತವರಿಗೆ ಹೆಚ್ಚು ಚಳಿಯಾಗುತ್ತದೆ ಎಂಬ ಒಂದು ಮಾತೂ ಇರಲಿಲ್ಲ. ಫ್ರೆಡ್‌ಹೈಮ್‌ನಲ್ಲಿ ಇಳಿದಾಗ ಅವಳ ಬೆರಳುಗಳು ಬಿಳಿಚಿದ್ದವು. ಮಾರ್ಗದರ್ಶಿ ಬಿಸಿ ಹಣ್ಣಿನ ಪಾನಕ ಕೊಟ್ಟು, ತೋಳುಗಳನ್ನು ಗಾಳಿಪಂಖದಂತೆ ಬೀಸಿಸಿ ರಕ್ತ ಓಡಿಸಿದರು. “ರೀ, ಇನ್ನೊಂದು ಸಲ ಬಂದರೆ ನನಗೇ ಒಂದು ಗಾಡಿ ತೆಗೆಸಿಕೊಡಿ” ಎಂದಳು. ಅವಳ ಬಳಿಯೂ ಪರವಾನಗಿ ಇತ್ತು; ಉಳಿಸಿದ ಹಣ ಆ ಹೊತ್ತಿಗೆ ಬಹಳ ಸಣ್ಣದಾಗಿ ಕಂಡಿತು.

ಓಡಿಸುವವರಿಗೆ ಸುಮಾರು 3,000 ನಾರ್ವೇಜಿಯನ್ ಕ್ರೋನ, ಹಿಂದೆ ಕೂರುವವರಿಗೆ ಅದಕ್ಕಿಂತ ಕಡಿಮೆ. ಗಾಡಿಗೆ ಹಾನಿಯಾದರೆ ಒಂದು ಮಿತಿಯವರೆಗೆ ನಾವೇ ಭರಿಸಬೇಕೆಂಬ ಕರಾರಿಗೂ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಮಿತಿ ಪ್ರವಾಸದ ಬೆಲೆಗಿಂತ ಬಹಳ ಹೆಚ್ಚಾಗಿರುವುದರಿಂದ ಓದಿಯೇ ಸಹಿ ಮಾಡಿ. ಮಾರ್ಚ್‌ಗೆ ಮುಂಚೆ ಬೆಳಕು ಸಾಲದು, ಮೇ ಬಂದರೆ ಹಿಮ ಕರಗಲಾರಂಭಿಸುತ್ತದೆ. ಈಗೀಗ ನಡುಚಳಿಗಾಲದಲ್ಲೂ ಮಳೆ ಬಂದು ಜಾಡು ಗಾಜಿನಂತಾಗುವುದುಂಟು, ಆಗ ಪ್ರವಾಸ ರದ್ದಾದರೆ ಇನ್ನೊಂದು ದಿನ ಕೈಯಲ್ಲಿರಲಿ. ಸೊಂಟನೋವು ಇರುವವರು, ಆರೇಳು ಗಂಟೆ ಕುಲುಕಾಟ ತಡೆಯಲಾರದವರು ಮೂರು ಗಂಟೆಯ ಸಣ್ಣ ಸುತ್ತನ್ನು ಆರಿಸಿಕೊಳ್ಳುವುದು ಮೇಲು. ಮರುದಿನ ಕಾಫಿ ಲೋಟ ಎತ್ತಲು ನನ್ನ ಬಲ ಹೆಬ್ಬೆರಳು ಒಪ್ಪಲಿಲ್ಲ, ಎಡಗೈಯಲ್ಲಿ ಕುಡಿದೆ.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದರಲ್ಲಿ ಅರ್ಧ ಕನ್ನಡಕಕ್ಕೆ, ಅರ್ಧ ಹಿಂದಿನ ಸೀಟಿಗೆ.