ದಾಳಿಂಬೆ ವೈನ್‌ಗೆ ಓಕ್ ಚಿಪ್ಸ್, ಕ್ಯೂಬ್: ಮೂರು ವರ್ಷ ಬಳಸಿದ ಮೇಲೆ

ಹಿರಿಯೂರು ಹತ್ತಿರ ನಮ್ಮ ಚಿಕ್ಕಪ್ಪ ಲೈಸೆನ್ಸ್ ಪಡೆದು ಸಣ್ಣದೊಂದು ಹಣ್ಣಿನ ವೈನ್ ಘಟಕ ನಡೆಸುತ್ತಾರೆ. ಅಲ್ಲಿ ವೈನ್ ಮಾಗಿಸುವ ಕೆಲಸ ನನ್ನದು. ಹಣ್ಣು ನಮ್ಮದೇ ತೋಟದ ಭಗವಾ ದಾಳಿಂಬೆ. ವೈನಿಗೆ ಘಮ ಹಿಡಿಸುವ 225 ಲೀಟರಿನ ಓಕ್ ಮರದ ಬ್ಯಾರೆಲ್ ತರಿಸುವಷ್ಟು ಬಂಡವಾಳ ನಮಗಿಲ್ಲ. ತರಿಸಿದರೂ ಮೂರ್ನಾಲ್ಕು ಸಲ ತುಂಬಿ ತೆಗೆಯುವಷ್ಟರಲ್ಲಿ ಮರದ ಘಮ ಇಳಿದುಹೋಗುತ್ತದೆ. ಹಾಗಾಗಿ ಓಕ್ ಮರದ ಚೂರನ್ನೇ ವೈನಿನಲ್ಲಿ ನೆನೆಹಾಕುತ್ತೇನೆ: ಮೊದಲ ವರ್ಷ ತೆಳು ಚಕ್ಕೆ, ಅಂದರೆ ಚಿಪ್ಸ್ ಬಳಸಿದೆ, ಆಮೇಲಿನ ಎರಡು ವರ್ಷ ದಪ್ಪ ಚೌಕ ತುಂಡು, ಅಂದರೆ ಕ್ಯೂಬ್. ಇನ್ನು ಕ್ಯೂಬ್ ಬಿಡುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದ ಚಿಪ್ಸ್ ಪೊಟ್ಟಣದ ತಳದಲ್ಲಿ ಬರೀ ಪುಡಿ. ಮರವನ್ನು ಎಷ್ಟು ಟೋಸ್ಟ್ ಮಾಡಿದ್ದಾರೆ, ಅಂದರೆ ಎಷ್ಟು ಹುರಿದಿದ್ದಾರೆ ಅನ್ನುವುದನ್ನೂ ಬರೆದಿರಲಿಲ್ಲ. 20 ಲೀಟರಿನ ಗಾಜಿನ ಜಾಡಿಗೆ 80 ಗ್ರಾಂ ಸುರಿದು ಒಂದು ತಿಂಗಳು ಮುಚ್ಚಿಟ್ಟೆ. ಅದೇ ತಪ್ಪಾಯಿತು. ಚಿಪ್ಸ್ ತೆಳು, ಒಳಗಿನ ಸತ್ವವನ್ನೆಲ್ಲ ವಾರ, ಹತ್ತು ದಿನದಲ್ಲೇ ಬಿಟ್ಟುಬಿಡುತ್ತವೆ. ಚಿಕ್ಕಪ್ಪ ಒಂದು ಗುಟುಕು ಕುಡಿದು, "ಸಾಮಿಲ್ಲಿನ ಹೊಟ್ಟು ನೆಕ್ಕಿದಂಗೈತೆ ಕಣೋ" ಅಂದರು. ದಾಳಿಂಬೆಗೆ ಸಿಪ್ಪೆ, ಒಳಪೊರೆಯ ಒಗರು ಮೊದಲೇ ಇರುತ್ತದೆ. ಮರದ ಒಗರೂ ಸೇರಿ ನಾಲಿಗೆ ಹಿಡಿದುಕೊಂಡಿತ್ತು. ಓಕ್ ಹಾಕದ ವೈನ್ ಮೂರು ಪಾಲು ಬೆರೆಸಿದ ಮೇಲೆ ಕುಡಿಯುವ ಹದಕ್ಕೆ ಬಂತು.

ಕ್ಯೂಬ್ ದಪ್ಪ, ನಿಧಾನ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಜಾಡಿಗೆ 40 ಗ್ರಾಂ ಸಾಕು. ಹಾಕುವ ಮೊದಲು ಕ್ಯೂಬ್ ಕುದಿಸಬೇಡಿ, ಪರಿಮಳವೆಲ್ಲ ನೀರಿನ ಪಾಲಾಗುತ್ತದೆ. ನಾನು ಮೆಟಾಬೈಸಲ್ಫೈಟ್ (ಸೂಕ್ಷ್ಮಜೀವಿ ತಡೆಯುವ ಪುಡಿ) ಕರಗಿಸಿದ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ದಾರದ ತುದಿ ಹೊರಗೆ ಉಳಿಸಿ ಬಿಡುತ್ತೇನೆ. ಮೊದಲ ದಿನ ಚೀಲ ತೇಲುತ್ತದೆ. ಮರ ವೈನ್ ಕುಡಿದಂತೆಲ್ಲ ಮೆಲ್ಲಗೆ ಮುಳುಗಿ ಗಸಿಯ ಮೇಲೆ ಕೂರುತ್ತದೆ. ಮೂರನೇ ವಾರದಿಂದ ಪ್ರತಿ ಭಾನುವಾರ ಒಂದೊಂದು ಚಮಚ ರುಚಿ ನೋಡುತ್ತೇನೆ. ನಮ್ಮಲ್ಲಿ ಆರರಿಂದ ಎಂಟು ವಾರಕ್ಕೆ ಹದವಾಗುತ್ತದೆ. ಬೇಸಿಗೆಯಲ್ಲಿ ಕೋಣೆ ಕಾದರೆ ಇನ್ನೂ ಬೇಗ, ಆಗ ಕಣ್ಣಿಟ್ಟಿರಬೇಕು.

ಯಾವ ಓಕ್ ಅನ್ನುವುದೇ ಮುಖ್ಯ ಪ್ರಶ್ನೆ. ಅಮೆರಿಕನ್ ಓಕ್‌ನಲ್ಲಿ ಲ್ಯಾಕ್ಟೋನ್ ಅನ್ನುವ ಅಂಶ ಜಾಸ್ತಿ, ತೆಂಗಿನ ಪರಿಮಳ ಬರುವುದು ಅದರಿಂದ. ಮೀಡಿಯಂ ಟೋಸ್ಟ್ ಕ್ಯೂಬ್ ಪೊಟ್ಟಣ ಒಡೆದ ಕೂಡಲೇ ನಮ್ಮ ಅಟ್ಟದ ಕೊಬ್ಬರಿ, ಅದರ ಹಿಂದೆಯೇ ವೆನಿಲ್ಲಾ. ಫ್ರೆಂಚ್ ಓಕ್‌ನಲ್ಲಿ ಒಗರು ಕೊಡುವ ಟ್ಯಾನಿನ್ ಹೆಚ್ಚು, ಲವಂಗದಂಥ ಖಾರ. ದ್ರಾಕ್ಷಿಯ ಕೆಂಪು ವೈನ್‌ಗೆ ಅದು ಚೆನ್ನ. ನಮ್ಮ ದಾಳಿಂಬೆಗೆ ಮಾತ್ರ ಅಮೆರಿಕನ್ನೇ ಒಪ್ಪಿತು. ಹೆವಿ ಟೋಸ್ಟ್ ಒಂದೇ ಸಲ ಹಾಕಿದ್ದೆ. ಹೊಗೆ ವಾಸನೆ ಹಣ್ಣನ್ನು ನುಂಗಿಹಾಕಿತು.

ಕೊರತೆಯೂ ಇದೆ. ಬ್ಯಾರೆಲ್ ಮರದ ಮೂಲಕ ಚೂರುಚೂರೇ ಗಾಳಿ ಒಳಗೆ ಬಂದು ಒಗರು ಮೆದುವಾಗುತ್ತದೆ. ಗಾಜಿನ ಜಾಡಿಯಲ್ಲಿ ಆ ಭಾಗ್ಯವಿಲ್ಲ. ಆ ದುಂಡಗಿನ ರುಚಿ ಬೇಕೆಂದರೆ ಕ್ಯೂಬ್ ಕೊಡುವುದಿಲ್ಲ.

ಊರಿನವರೊಬ್ಬರು ತೇಗದ ಚೂರು ಹಾಕು ಅಂದಿದ್ದರು. ಹಾಕಲಿಲ್ಲ. ಸಾಮಿಲ್ಲಿನ ಮರಕ್ಕೆ ಏನೇನು ಬಳಿದಿರುತ್ತಾರೋ, ಕುಡಿಯುವ ಪದಾರ್ಥಕ್ಕೆ ಅದು ಬೇಡ.

ಕ್ಯೂಬ್ ತೆಗೆದ ದಿನವೇ ಬಾಟಲಿಗೆ ತುಂಬಬೇಡಿ. ಆವತ್ತು ಮರ ಒಂದು ಕಡೆ, ಹಣ್ಣು ಒಂದು ಕಡೆ ಅನ್ನಿಸುತ್ತದೆ. ನಾಲ್ಕು ತಿಂಗಳು ಸುಮ್ಮನೆ ಬಿಟ್ಟು ನೋಡಿ. ಕಳೆದ ಸಲದ ಜಾಡಿ ತೆರೆದಾಗ ಮೊದಲು ದಾಳಿಂಬೆಯೇ ಮೂಗಿಗೆ ಬಂತು, ಕೊಬ್ಬರಿ ಅದರ ಅಡಿಯಲ್ಲಿ ಎಲ್ಲೋ ಇತ್ತು.